ಚೆಂಡನ್ನು ಎತ್ತುವ ಕೆಲಸ ಕ್ಲಬ್ಬಿನದು

ಎಲ್ಲರಿಗೂ ನಮಸ್ಕಾರ. ಗಾಲ್ಫ್ ಬಗ್ಗೆ ಮಾತಾಡುತ್ತೇನೆಂದರೆ ಕೇಳುವವರ ಮನಸ್ಸು ನೇರವಾಗಿ ಡ್ರೈವರ್ ಕಡೆ, ಅಂದರೆ ಅತಿ ದೂರಕ್ಕೆ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಕಡೆ ಹೋಗುತ್ತದೆ. 250 ಗಜ ಹಾರುವ ಚೆಂಡಿಗೆ ಅದರದೇ ಸೊಗಸಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಇವತ್ತು ಆರಿಸಿಕೊಂಡಿರುವುದು ಹತ್ತು ಹದಿನೈದು ಹೆಜ್ಜೆಯ ಹೊಡೆತವನ್ನು, ಅಂದರೆ ಚಿಪ್ ಅನ್ನು. ಚೆಂಡು ಗ್ರೀನ್‌ಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ಇನ್ನೇನು ಸೇರಿತು ಎನ್ನುವಾಗ ಅಂಚಿನ ಹುಲ್ಲಿನಲ್ಲಿ ನಿಂತುಬಿಟ್ಟಿದೆ. ಕುಳಿ ಕಣ್ಣೆದುರಿಗೇ ಇದೆ, ಧ್ವಜ ಕಾಣುತ್ತಿದೆ. ಅಲ್ಲಿಂದ ಎರಡು ಹೊಡೆತಕ್ಕೆ ಮುಗಿಸುವವರೂ ಇದ್ದಾರೆ, ನಾಲ್ಕು ತೆಗೆದುಕೊಳ್ಳುವವರೂ ಇದ್ದಾರೆ. ಸುತ್ತಿನ ಕೊನೆಗೆ ಸ್ಕೋರ್‌ಕಾರ್ಡಿನಲ್ಲಿ ಇಬ್ಬರ ನಡುವೆ ಕಾಣುವ ಅಂತರ ಬಹುಪಾಲು ಹುಟ್ಟುವುದು ಇಲ್ಲಿಯೇ.

ಜಗತ್ತಿನ ಅತ್ಯುತ್ತಮ ವೃತ್ತಿಪರರು ಕೂಡ 18 ಗ್ರೀನ್‌ಗಳ ಪೈಕಿ ಸರಾಸರಿ 12ರ ಆಸುಪಾಸಿನಷ್ಟನ್ನು ಮಾತ್ರ ನಿಗದಿತ ಹೊಡೆತಗಳಲ್ಲಿ ಮುಟ್ಟುತ್ತಾರೆ. ಉಳಿದ ಆರರಲ್ಲಿ ಅವರನ್ನು ಕಾಪಾಡುವುದು ಗ್ರೀನ್ ಪಕ್ಕದ ಈ ಸಣ್ಣ ಆಟ. ವಾರಾಂತ್ಯದ ಆಟಗಾರರ ಲೆಕ್ಕ ಇದರ ತಿರುಗುಮುರುಗು. ಅವರಿಗೆ ಸಿಗುವ ಗ್ರೀನ್‌ಗಳಿಗಿಂತ ತಪ್ಪುವ ಗ್ರೀನ್‌ಗಳೇ ಹೆಚ್ಚು. ಹಾಗಿದ್ದೂ ಅಭ್ಯಾಸದ ಹೊತ್ತಿನಲ್ಲಿ ಬಕೆಟ್ ತುಂಬ ಚೆಂಡು ಡ್ರೈವರ್‌ಗೆ ಮೀಸಲು, ಚಿಪ್‌ಗೆ ಹೊರಡುವ ಮುಂಚಿನ ಐದು ನಿಮಿಷ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಚಿಪ್ ಮತ್ತು ಪಿಚ್ ಬೇರೆ ಬೇರೆ. ಗಾಳಿಯಲ್ಲಿ ಹಾರುವುದಕ್ಕಿಂತ ನೆಲದ ಮೇಲೆ ಹೆಚ್ಚು ದೂರ ಉರುಳಿದರೆ ಚಿಪ್, ಉರುಳುವುದಕ್ಕಿಂತ ಹೆಚ್ಚು ಹಾರಿದರೆ ಪಿಚ್. ಈ ವಿಂಗಡಣೆ ಇಷ್ಟಿದ್ದರೆ ಸಾಕು. ಇನ್ನು ಮುಂದೆ ನಾನು ಎಡ ಬಲ ಎನ್ನುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ದಯವಿಟ್ಟು ತಿರುಗಿಸಿಕೊಳ್ಳಬೇಕು.

ಗ್ರೀನ್ ಪಕ್ಕ ನಿಂತ ಹೊಸಬರನ್ನು ಸ್ವಲ್ಪ ಹೊತ್ತು ಗಮನಿಸಿ. ಚೆಂಡಿಗೂ ಕುಳಿಗೂ ನಡುವೆ ಒಂದಿಷ್ಟು ಉದ್ದ ಹುಲ್ಲಿದೆ, ಅದನ್ನು ದಾಟಿಸಬೇಕು. ಮನಸ್ಸು ‘ಎತ್ತು’ ಎನ್ನುತ್ತದೆ, ಮೈ ಹೂಂಗುಟ್ಟುತ್ತದೆ. ಭಾರ ಬಲಗಾಲಿಗೆ ಸರಿಯುತ್ತದೆ, ಎಡ ಭುಜ ಮೇಲೇಳುತ್ತದೆ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಚೆಂಡನ್ನು ಕೆಳಗಿನಿಂದ ತೋಡಲು ಹೋಗುತ್ತದೆ. ಫಲ ಎರಡರಲ್ಲೊಂದು. ಕ್ಲಬ್ಬು ಚೆಂಡಿನ ಹಿಂದಿನ ನೆಲಕ್ಕೆ ಬಡಿದು ಚೆಂಡು ಎರಡು ಹೆಜ್ಜೆ ಮುಂದೆ ಕೂರುತ್ತದೆ, ಇಲ್ಲವೇ ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಗುಲಿ ಅದು ಗ್ರೀನ್ ದಾಟಿ ಆಚೆ ಬದಿಗೆ ಓಡುತ್ತದೆ. ಫ್ಯಾಟ್ ಮತ್ತು ಥಿನ್ ಎಂದು ಕರೆಯುವ ಈ ಎರಡು ತಪ್ಪುಗಳು ನೋಡಲು ಒಂದಕ್ಕೊಂದು ವಿರುದ್ಧ. ಬೇರು ಮಾತ್ರ ಒಂದೇ. ಕ್ಲಬ್ಬು ಬೀಸುವ ಕಮಾನಿನ ಅತಿ ತಗ್ಗಿನ ಬಿಂದು ಚೆಂಡಿನ ಹಿಂದಕ್ಕೆ ಸರಿದಿದೆ. ಅಲ್ಲಿ ನೆಲ ಸಿಕ್ಕರೆ ಫ್ಯಾಟ್. ಸಿಗದಿದ್ದರೆ ಕ್ಲಬ್ಬು ಚೆಂಡನ್ನು ಮುಟ್ಟುವಷ್ಟರಲ್ಲಿ ಮೇಲೇರಲು ಶುರುವಾಗಿರುತ್ತದೆ, ಅದು ಥಿನ್. ಫ್ಯಾಟ್ ಆದವರು ಮುಂದಿನ ಸಲ ಮೈ ಸ್ವಲ್ಪ ಎತ್ತಿ ಹೊಡೆಯುತ್ತಾರೆ, ಅದು ಥಿನ್ ಆಗುತ್ತದೆ. ಆಮೇಲೆ ಬಗ್ಗಿ ಹೊಡೆಯುತ್ತಾರೆ, ಮತ್ತೆ ಫ್ಯಾಟ್. ಮಧ್ಯಾಹ್ನವೆಲ್ಲ ಹೀಗೇ ಕಳೆಯುತ್ತದೆ.

ಮರಳಿನಿಂದ ಎತ್ತಲು ಬಳಸುವ ಸ್ಯಾಂಡ್ ವೆಜ್ ಎಂಬ ಕ್ಲಬ್ಬಿನ ಮುಖ 56 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಈ ವಾಲಿಗೆ ಲಾಫ್ಟ್ ಎನ್ನುತ್ತಾರೆ. ಏಳನೇ ಐರನ್ ಎಂಬ ಮಧ್ಯಮ ದೂರದ ಕ್ಲಬ್ ಕೂಡ 30 ಡಿಗ್ರಿಯಷ್ಟು ವಾಲಿದೆ. ಎತ್ತುವುದಕ್ಕೆಂದೇ ಮಾಡಿಟ್ಟ ಇಳಿಜಾರು ಅದು. ಅದರ ಮೇಲೆ ನಿಮ್ಮ ಕೈ ಇನ್ನಷ್ಟು ಎತ್ತಲು ಹೋದರೆ ಕೆಲಸ ಕೆಡುತ್ತದೆ.

ಈ ರೋಗಕ್ಕೆ ಎಲ್ಲ ಕಡೆ ಸಿಗುವ ಒಂದು ಮದ್ದಿದೆ: ಚೆಂಡು ಹಿಂದೆ, ಕೈ ಮುಂದೆ, ಭಾರ ಮುಂದೆ. ಚೆಂಡನ್ನು ಬಲಗಾಲಿನ ಎದುರಿಟ್ಟು, ಕೈಗಳನ್ನು ಎಡ ತೊಡೆಯ ಆಚೆ ಒತ್ತಿ, ಕೆಳಮುಖವಾಗಿ ಕುಟ್ಟಿ ಎನ್ನುತ್ತಾರೆ. ಎತ್ತುವ ಚಾಳಿ ಬಿಡಿಸಲು ಒಂದೆರಡು ವಾರ ಇದು ಸರಿ. ಕಾಯಂ ಪದ್ಧತಿ ಮಾಡಿಕೊಳ್ಳುವುದಕ್ಕೆ ನನ್ನ ತಕರಾರಿದೆ, ಮತ್ತು ಇವತ್ತಿನ ಮಾತಿನ ತಿರುಳೂ ಅದೇ.

ವೆಜ್ ಅನ್ನು ತಿರುಗಿಸಿ ಅದರ ತಳ ನೋಡಿ. ತಳ ಚಪ್ಪಟೆಯಾಗಿಲ್ಲ. ಮುಂದಿನ ಅಂಚಿಗಿಂತ ಹಿಂದಿನ ಭಾಗ ಕೆಳಗೆ ಉಬ್ಬಿಕೊಂಡಿದೆ. ಆ ಉಬ್ಬಿನ ಕೋನಕ್ಕೆ ಬೌನ್ಸ್ ಎನ್ನುತ್ತಾರೆ. 4ರಿಂದ 6 ಡಿಗ್ರಿ ಇದ್ದರೆ ಕಡಿಮೆ, 10 ದಾಟಿದರೆ ಹೆಚ್ಚು. ಉಳುವಾಗ ಗುಳ ನೆಲಕ್ಕಿಳಿಯುತ್ತದೆ, ಕೊರಡು ಹೊಡೆಯುವಾಗ ಅದು ನೆಲದ ಮೇಲೇ ಸಾಗುತ್ತದೆ. ವೆಜ್‌ನ ಮುಂದಿನ ಅಂಚು ಗುಳ, ಬೌನ್ಸ್ ಕೊರಡು. ಚೆಂಡಿಗಿಂತ ಅರ್ಧ ಇಂಚು ಹಿಂದೆ ನೆಲ ಮುಟ್ಟಿದರೂ ಬೌನ್ಸ್ ಇದ್ದರೆ ಕ್ಲಬ್ಬು ಹುಲ್ಲಿನ ಮೇಲೆ ಜಾರಿ ಮುಂದೆ ಹೋಗುತ್ತದೆ, ಚೆಂಡು ಹೆಚ್ಚುಕಮ್ಮಿ ಸರಿಯಾಗಿಯೇ ಹೊರಡುತ್ತದೆ. ನಮ್ಮಂಥವರ ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಲೆಂದೇ ಇರುವ ಭಾಗ ಅದು.

ಇದರ ಹಿಂದೆ ಒಂದು ಕಥೆಯಿದೆ. ಅಮೆರಿಕದ ಆಟಗಾರ ಜೀನ್ ಸರಾಜನ್‌ಗೆ ಬಂಕರ್, ಅಂದರೆ ಮರಳುಗುಂಡಿ, ಎಂದರೆ ತಲೆನೋವು. ಆಗಿನ ನಿಬ್ಲಿಕ್ ಎಂಬ ಕ್ಲಬ್ಬುಗಳ ಅಂಚು ತೆಳು, ಮರಳಿಗೆ ತಾಗಿದರೆ ಒಳಗೆ ಹುಗಿದುಕೊಳ್ಳುತ್ತಿತ್ತು. ವಿಮಾನ ಮೇಲೇಳುವಾಗ ಅದರ ಬಾಲದ ಭಾಗ ಕೆಲಸ ಮಾಡುವ ಬಗೆ ನೋಡಿ ಅವರಿಗೆ ಉಪಾಯ ಹೊಳೆಯಿತಂತೆ. ನಿಬ್ಲಿಕ್‌ನ ತಳಕ್ಕೆ ಸೀಸ ಬೆಸೆದು, ಹಿಂದಿನ ಭಾಗ ಮೊದಲು ನೆಲ ಮುಟ್ಟುವಂತೆ ಉಜ್ಜಿ ಉಜ್ಜಿ ಹದ ಮಾಡಿದರು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸ್‌ನಲ್ಲಿ ನಡೆದ ಓಪನ್ ಚಾಂಪಿಯನ್‌ಶಿಪ್‌ಗೆ ಆ ಕ್ಲಬ್ ಒಯ್ದರು, ಗೆದ್ದೂ ಬಂದರು. ಅಧಿಕಾರಿಗಳು ನೋಡಿ ನಿಷೇಧಿಸಿಯಾರೆಂದು ಅದನ್ನು ಬ್ಯಾಗಿನಲ್ಲಿ ತಲೆಕೆಳಗಾಗಿ ಇಡುತ್ತಿದ್ದರು ಎಂಬ ಮಾತೂ ಇದೆ. ಮರಳಿಗೆಂದು ಹುಟ್ಟಿದ ಆ ಉಬ್ಬು ಹುಲ್ಲಿನ ಮೇಲೂ ಅಷ್ಟೇ ಉಪಕಾರಿ.

ಈಗ ಕೈ ಮುಂದೊತ್ತುವ ಮದ್ದಿಗೆ ಬರೋಣ. ಇಲ್ಲಿ ಚೂರು ಕೂಡುವ ಕಳೆಯುವ ಲೆಕ್ಕ. ನಿಮ್ಮ ವೆಜ್ 56 ಡಿಗ್ರಿಯದು, ಬೌನ್ಸ್ 10 ಎಂದಿಟ್ಟುಕೊಳ್ಳಿ. ಮುಖ ನೇರ ಇಟ್ಟು ಶಾಫ್ಟನ್ನು, ಅಂದರೆ ಕ್ಲಬ್ಬಿನ ಉದ್ದ ಹಿಡಿಯನ್ನು, 10 ಡಿಗ್ರಿ ಮುಂದಕ್ಕೆ ವಾಲಿಸಿದಿರಿ. ಲಾಫ್ಟ್ 46ಕ್ಕೆ ಇಳಿಯಿತು. ಬೌನ್ಸ್ ಸೊನ್ನೆಯಾಯಿತು. ಕೈಯಲ್ಲಿ ಉಳಿದಿದ್ದೇನು? ಪಿಚಿಂಗ್ ವೆಜ್‌ನ ಲಾಫ್ಟ್ ಇರುವ, ಗುಳದ ಹಾಗೆ ನೆಲಕ್ಕಿಳಿಯುವ ಒಂದು ಕ್ಲಬ್. ಚೆಂಡನ್ನು ಕರಾರುವಾಕ್ಕಾಗಿ ಮೊದಲು ಹೊಡೆದರೆ ಬಚಾವ್. ಕೂದಲೆಳೆ ಹಿಂದೆ ಬಿದ್ದರೂ ಅಂಚು ಮಣ್ಣಿಗೆ ಹೊಕ್ಕು ಅಲ್ಲೇ ನಿಲ್ಲುತ್ತದೆ. ಚೆಂಡು ತಗ್ಗಾಗಿ ಹೋಗಿ ಹೆಚ್ಚು ಉರುಳಬೇಕೆಂಬುದೇ ಆಸೆಯಾಗಿದ್ದರೆ ಪಿಚಿಂಗ್ ವೆಜ್ ಅನ್ನೇ ಎತ್ತಿಕೊಂಡು ಶಾಫ್ಟ್ ನೆಟ್ಟಗಿಟ್ಟು ಹೊಡೆಯಬಹುದಿತ್ತಲ್ಲ! ಬ್ಯಾಗಿನಲ್ಲಿ ಕ್ಲಬ್ಬುಗಳಿಗೇನೂ ಬರವಿಲ್ಲ.

ನಿಲ್ಲುವ ರೀತಿಗೆ ನಾನು ಹೇಳುವುದು ಸ್ವಲ್ಪವೇ. ಪಾದಗಳು ಹತ್ತಿರ, ನಡುವೆ ಒಂದು ಕ್ಲಬ್ ತಲೆ ಹಿಡಿಸುವಷ್ಟು. ಗ್ರಿಪ್‌ನಲ್ಲಿ ಒಂದೆರಡು ಇಂಚು ಕೆಳಗೆ ಹಿಡಿಯಿರಿ. ಚೆಂಡು ಸುಮಾರಾಗಿ ನಡುವೆ. ಭಾರ ಎಡಗಾಲಿನ ಮೇಲೆ ತುಸು ಹೆಚ್ಚು, ನೂರರಲ್ಲಿ ಅರವತ್ತು ಎನ್ನಿ, ಮತ್ತು ಹೊಡೆತ ಮುಗಿಯುವವರೆಗೂ ಅಲ್ಲೇ. ಕೈಗಳು ಚೆಂಡಿಗಿಂತ ಒಂದಿಷ್ಟು ಮಾತ್ರ ಮುಂದೆ. ಆಮೇಲೆ ಎದೆಯನ್ನು ತಿರುಗಿಸಿ, ತೋಳುಗಳು ಅದರ ಜೊತೆಗೆ ಹೋಗಲಿ. ಎದೆ ತಿರುಗುವುದು ನಿಂತರೆ ಮಣಿಕಟ್ಟು ಮಧ್ಯೆ ಬಾಯಿ ಹಾಕುತ್ತದೆ. ದೂರ ಹೆಚ್ಚು ಬೇಕೆಂದರೆ ಹಿಂದಕ್ಕೆ ಇನ್ನಷ್ಟು ಒಯ್ಯಿರಿ, ಜೋರು ಹೆಚ್ಚಿಸಬೇಡಿ. ಉದ್ದ ಒಯ್ದು ಕೊನೆಯಲ್ಲಿ ಹೆದರಿ ನಿಧಾನಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಸರಿ, ಹೊಡೆತ ಒಂದೇ ಎಂದಾದರೆ ದೂರ ಎತ್ತರಗಳನ್ನು ಬದಲಿಸುವುದು ಹೇಗೆ? ಕ್ಲಬ್ ಬದಲಿಸಿ. ಅದಕ್ಕೂ ಮುಂಚೆ ಚೆಂಡು ಎಲ್ಲಿ ಬೀಳಬೇಕೆಂದು ಗೊತ್ತುಮಾಡಿ. ಕುಳಿಯನ್ನೇ ದಿಟ್ಟಿಸಿ ಚಿಪ್ ಮಾಡುವವರು ಕುಳಿಯವರೆಗೂ ಹಾರಿಸಿಬಿಡುತ್ತಾರೆ. ಗ್ರೀನ್ ಒಳಗೆ ಒಂದು ಹೆಜ್ಜೆಯಷ್ಟು ದೂರದಲ್ಲಿ ಸಮತಟ್ಟಾದ ಒಂದು ಜಾಗ ಆರಿಸಿ, ಒಣಗಿದ ಎಸಳೋ ಬಣ್ಣ ಮಾಸಿದ ಚುಕ್ಕೆಯೋ ಏನಾದರೊಂದು ಗುರುತು ಹಿಡಿಯಿರಿ. ಅಂಚಿನ ಹುಲ್ಲಿನಲ್ಲಿ ಚೆಂಡು ಪುಟಿಯುವುದು ಅದರ ಇಷ್ಟದಂತೆ, ಗ್ರೀನ್ ಮೇಲೆ ಪುಟಿದರೆ ಹೆಚ್ಚುಕಮ್ಮಿ ನಿಮ್ಮ ಇಷ್ಟದಂತೆ.

ಇದಕ್ಕೆ ಹನ್ನೆರಡರ ಸೂತ್ರ ಎಂಬ ಹಳೆಯ ಲೆಕ್ಕವೊಂದಿದೆ. ಚೆಂಡಿನಿಂದ ಬೀಳುವ ಜಾಗದವರೆಗೆ ಹೆಜ್ಜೆ ಎಣಿಸಿ. ಅಲ್ಲಿಂದ ಕುಳಿಯವರೆಗೆ ಎಣಿಸಿ. ಎರಡನೆಯದು ಮೊದಲನೆಯದರ ಎಷ್ಟು ಪಟ್ಟು ನೋಡಿ, ಆ ಸಂಖ್ಯೆಯನ್ನು 12ರಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಐರನ್‌ನ ಸಂಖ್ಯೆ, ಸಂಖ್ಯೆ ಹೆಚ್ಚಿದಷ್ಟೂ ಲಾಫ್ಟ್ ಹೆಚ್ಚು. ಹಾರಲು 3 ಹೆಜ್ಜೆ, ಉರುಳಲು 9 ಹೆಜ್ಜೆ ಎಂದರೆ ಮೂರು ಪಟ್ಟು, ಒಂಬತ್ತನೇ ಐರನ್. 2 ಹೆಜ್ಜೆ ಹಾರಿ 10 ಹೆಜ್ಜೆ ಉರುಳಬೇಕಾದರೆ ಐದು ಪಟ್ಟು, ಏಳನೇ ಐರನ್. ಪಿಚಿಂಗ್ ವೆಜ್ ಅನ್ನು 10 ಎಂದೂ ಸ್ಯಾಂಡ್ ವೆಜ್ ಅನ್ನು 11 ಎಂದೂ ಹಿಡಿಯುತ್ತಾರೆ. ಇದು ಸಮತಟ್ಟಾದ, ಮಧ್ಯಮ ವೇಗದ ಗ್ರೀನ್‌ನ ಮಾತು. ಇಳಿಜಾರಿದ್ದರೆ ಒಂದು ಕ್ಲಬ್ ಹೆಚ್ಚು ಲಾಫ್ಟ್, ಏರಿದ್ದರೆ ಒಂದು ಕಡಿಮೆ. ಈಚಿನ ಕೆಲವು ಸೆಟ್‌ಗಳಲ್ಲಿ ಪಿಚಿಂಗ್ ವೆಜ್ 44 ಡಿಗ್ರಿಗೆ ಇಳಿದಿದೆ, ಅಂಥದ್ದು ಸೂತ್ರ ಹೇಳುವುದಕ್ಕಿಂತ ಜಾಸ್ತಿ ಉರುಳುತ್ತದೆ. ಸೂತ್ರವನ್ನು ವೇದವಾಕ್ಯ ಮಾಡಬೇಡಿ, ಕ್ಲಬ್ ಆರಿಸುವ ಮುಂಚೆ ನಡೆದು ನೋಡುವ ಅಭ್ಯಾಸ ಬಂದರೆ ಅದೇ ಲಾಭ.

ತಗ್ಗಾಗಿ ಉರುಳಿಸುವ ಚಿಪ್‌ಗೆ ಒಂದು ಉದಾಹರಣೆ ಕೊಡುತ್ತೇನೆ. ಸ್ಪೇನಿನ ಆಟಗಾರ ಸೆವೆ ಬಾಯೆಸ್ತೆರೋಸ್ ಬಾಲ್ಯದಲ್ಲಿ ಒಂದೇ ಒಂದು ಮೂರನೇ ಐರನ್ ಹಿಡಿದು ಊರಿನ ಕಡಲತೀರದಲ್ಲಿ ಆಟ ಕಲಿತವರು. 1976ರ ಓಪನ್, ರಾಯಲ್ ಬರ್ಕ್‌ಡೇಲ್ ಕೋರ್ಸ್, ಕೊನೆಯ ಹೋಲ್ (ಸುತ್ತಿನ 18 ಕುಳಿಗಳಲ್ಲಿ ಕೊನೆಯದು). ವಯಸ್ಸು 19. ಚೆಂಡು ಗ್ರೀನ್‌ನ ಎಡಕ್ಕಿದೆ, ಕುಳಿಗೂ ಅದಕ್ಕೂ ಮಧ್ಯೆ ಎರಡು ಬಂಕರ್. ನೋಡಿದವರೆಲ್ಲ ಎತ್ತರಕ್ಕೆ ಹಾರಿಸುತ್ತಾರೆಂದೇ ಎಣಿಸಿದ್ದರು. ಈ ಹುಡುಗ ಎರಡು ಬಂಕರ್‌ಗಳ ನಡುವಿನ ಕಿರಿದಾದ ದಾರಿಯಲ್ಲಿ ಚೆಂಡನ್ನು ತಗ್ಗಾಗಿ ಓಡಿಸಿಬಿಟ್ಟ. ಕುಳಿಯಿಂದ ನಾಲ್ಕಡಿ ದೂರದಲ್ಲಿ ನಿಂತಿತು, ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಹಾಕಿ ಜ್ಯಾಕ್ ನಿಕ್ಲಾಸ್ ಜೊತೆ ಎರಡನೇ ಸ್ಥಾನ ಹಂಚಿಕೊಂಡ. ಗೆದ್ದವರು ಜಾನಿ ಮಿಲ್ಲರ್, ಆದರೆ ಆ ವರ್ಷದ ಓಪನ್ ಎಂದರೆ ಜನ ನೆನೆಯುವುದು ಈ ಚಿಪ್ಪನ್ನು.

ಎತ್ತರಕ್ಕೆ ಹೊಡೆಯಲೇಬೇಕಾದ ಸಂದರ್ಭಗಳಿಲ್ಲವೇ ಎಂದರೆ, ಇವೆ. 1982ರ ಯು.ಎಸ್. ಓಪನ್‌ನಲ್ಲಿ ಪೆಬಲ್ ಬೀಚ್‌ನ 17ನೇ ಹೋಲ್‌ನಲ್ಲಿ ಟಾಮ್ ವಾಟ್ಸನ್ ಚೆಂಡು ಗ್ರೀನ್‌ನ ಎಡಗಡೆಯ ದಟ್ಟ ರಫ್‌ನಲ್ಲಿ, ಅಂದರೆ ಉದ್ದ ಹುಲ್ಲಿನಲ್ಲಿತ್ತು. ಗ್ರೀನ್ ಇಳಿಜಾರು, ಉರುಳಲು ಜಾಗವೇ ಇಲ್ಲ. ಹತ್ತಿರ ಹಾಕಿ ಎಂದ ಅವರ ಬ್ಯಾಗ್ ಹೊರುವ ಕ್ಯಾಡಿ ಬ್ರೂಸ್ ಎಡ್ವರ್ಡ್ಸ್. ಹತ್ತಿರವಲ್ಲ, ಒಳಗೇ ಹಾಕುತ್ತೇನೆ ಎಂದರು ವಾಟ್ಸನ್. ಸ್ಯಾಂಡ್ ವೆಜ್‌ನ ಮುಖ ತೆರೆದು ಮೆತ್ತಗೆ ಚೆಂಡಿನಡಿ ಜಾರಿಸಿದರು, ಗ್ರೀನ್ ಅಂಚಿಗೆ ಬಿದ್ದ ಚೆಂಡು ಉರುಳಿ ಧ್ವಜಕ್ಕೆ ತಾಗಿ ಒಳಗಿಳಿಯಿತು. ಗಮನಿಸಬೇಕಾದ್ದು ಇಲ್ಲಿ ಮುಖ ತೆರೆದದ್ದು. ತೆರೆದರೆ ಲಾಫ್ಟ್ ಜೊತೆಗೆ ಬೌನ್ಸ್ ಕೂಡ ಹೆಚ್ಚುತ್ತದೆ. ಎತ್ತಿದ್ದು ಅವರ ಮಣಿಕಟ್ಟಲ್ಲ.

ಆದರೂ ನನ್ನ ಸಲಹೆ ಕೇಳಿದರೆ ಆದ್ಯತೆಯ ಸರದಿ ಹೀಗೆ: ಪಟರ್ (ಪಟ್ ಮಾಡುವ ಕ್ಲಬ್) ಸಾಧ್ಯವಾದರೆ ಪಟರ್, ಆಗದಿದ್ದರೆ ಚಿಪ್, ಅದೂ ಆಗದಿದ್ದರೆ ಮಾತ್ರ ಪಿಚ್. 60 ಡಿಗ್ರಿಯ ಲಾಬ್ ವೆಜ್ ಅನ್ನು ಹೊಸಬರು ಒಂದು ವರ್ಷ ಮನೆಯಲ್ಲೇ ಬಿಟ್ಟು ಬರಲಿ. ಟಿವಿಯಲ್ಲಿ ಅದು ಕಾಣುವಷ್ಟು ಸುಲಭವಲ್ಲ.

ಕ್ಲಬ್ ತೀರ್ಮಾನಿಸುವ ಮುಂಚೆ ಚೆಂಡು ಕೂತಿರುವ ರೀತಿ ನೋಡಲೇಬೇಕು. ಗಿಡ್ಡ ಹುಲ್ಲಿನ ಗಟ್ಟಿ ನೆಲವಾದರೆ ಬೌನ್ಸ್ ಕಡಿಮೆಯ ಕ್ಲಬ್, ಅಥವಾ ಪಟರ್. ಏರಿನಲ್ಲಿದ್ದರೆ ಭುಜಗಳನ್ನು ಏರಿಗೆ ಸಮನಾಗಿ ವಾಲಿಸಿ, ಚೆಂಡು ತಾನೇ ಎತ್ತರಕ್ಕೆ ಹೋಗುತ್ತದೆ, ಆದ್ದರಿಂದ ಲಾಫ್ಟ್ ಕಡಿಮೆಯದು ತೆಗೆದುಕೊಳ್ಳಿ. ಇಳುಕಲಾದರೆ ಇದಕ್ಕೆ ವಿರುದ್ಧ. ಹುಲ್ಲಿನ ಎಸಳುಗಳು ನಿಮ್ಮ ಕಡೆ ಮುಖ ಮಾಡಿ ಬಾಗಿದ್ದರೆ ಅಂಚು ಸಿಕ್ಕಿಕೊಳ್ಳುತ್ತದೆ, ಅಲ್ಲಿ ತಳ ಅಗಲವಿರುವ ಹೈಬ್ರಿಡ್ ಕ್ಲಬ್‌ನಿಂದ ಪಟ್ ಮಾಡುವ ಹಾಗೆ ತಳ್ಳುವುದೇ ಜಾಣತನ.

ದಟ್ಟ ಹುಲ್ಲು ಏನು ಮಾಡಬಲ್ಲದು ಎನ್ನುವುದಕ್ಕೆ ತೈವಾನ್‌ನ ಟಿ. ಸಿ. ಚೆನ್ ಸಾಕ್ಷಿ. 1985ರ ಯು.ಎಸ್. ಓಪನ್, ಓಕ್‌ಲ್ಯಾಂಡ್ ಹಿಲ್ಸ್. ಅದೇ ವಾರ ಮೊದಲ ಸುತ್ತಿನಲ್ಲಿ ಪಾರ್ 5 (ಐದು ಹೊಡೆತ ನಿಗದಿಯಾದ) ಹೋಲನ್ನು ಎರಡೇ ಹೊಡೆತಕ್ಕೆ ಮುಗಿಸಿ ಆ ಟೂರ್ನಿಯ ಇತಿಹಾಸದ ಮೊದಲ ಆಲ್ಬಟ್ರಾಸ್ ಗಳಿಸಿದ್ದವರು. ಕೊನೆಯ ದಿನ ನಾಲ್ಕು ಹೊಡೆತಗಳಿಂದ ಮುಂದಿದ್ದರು. ಐದನೇ ಹೋಲ್‌ನಲ್ಲಿ ಗ್ರೀನ್ ಪಕ್ಕದ ದಟ್ಟ ರಫ್‌ನಿಂದ ಚಿಪ್ ಮಾಡಿದರು. ಹುಲ್ಲು ಕ್ಲಬ್ ತಲೆಯನ್ನು ಕ್ಷಣ ಹಿಡಿದು ಬಿಟ್ಟಿತು. ಅಷ್ಟರಲ್ಲಿ ಚೆಂಡು ಮೆಲ್ಲಗೆ ಮೇಲೆದ್ದಿತ್ತು, ಬಿಡಿಸಿಕೊಂಡ ಕ್ಲಬ್ಬು ಹಿಂದಿನಿಂದ ಬಂದು ಗಾಳಿಯಲ್ಲಿದ್ದ ಚೆಂಡಿಗೆ ಇನ್ನೊಮ್ಮೆ ತಗುಲಿತು. ಆಗಿನ ನಿಯಮದ ಪ್ರಕಾರ ಒಂದು ದಂಡದ ಹೊಡೆತ. ಆ ಪಾರ್ 4 ಹೋಲ್‌ಗೆ 8 ಬರೆದುಕೊಂಡು, ಕೊನೆಗೆ ಆಂಡಿ ನಾರ್ತ್‌ಗಿಂತ ಒಂದೇ ಹೊಡೆತ ಹಿಂದೆ ಉಳಿದರು. 2019ರಲ್ಲಿ ನಿಯಮ ಬದಲಾಯಿತು. ಒಂದೇ ಬೀಸಿನಲ್ಲಿ ಅಕಸ್ಮಾತ್ ಎರಡು ಸಲ ತಗುಲಿದರೆ ಈಗ ದಂಡವಿಲ್ಲ, ಒಂದೇ ಹೊಡೆತ ಎಂದು ಲೆಕ್ಕ.

ರಫ್‌ನಿಂದ ಮೆತ್ತಗೆ ಹೊರಡಿಸಲು ನಾನು ಮೆಚ್ಚುವ ಒಂದು ಹಳೆಯ ವಿಧಾನವಿದೆ. ಕ್ಲಬ್ ತಲೆಯ ಹಿಮ್ಮಡಿಯನ್ನು, ಅಂದರೆ ಶಾಫ್ಟ್ ಸೇರುವ ಕಡೆಯನ್ನು, ನೆಲದಿಂದ ಎತ್ತಿ ಶಾಫ್ಟನ್ನು ಪಟರ್‌ನಂತೆ ನೆಟ್ಟಗೆ ನಿಲ್ಲಿಸಿ, ಚೆಂಡಿಗೆ ಹತ್ತಿರ ನಿಂತು, ತುದಿಯ ಭಾಗದಿಂದ ಪಟ್ ಮಾಡುವಂತೆ ಹೊಡೆಯುವುದು. ಹುಲ್ಲಿಗೆ ತಾಗುವ ಲೋಹ ಕಡಿಮೆ, ಆದ್ದರಿಂದ ಸಿಕ್ಕುವುದು ಕಡಿಮೆ. ತುದಿಗೆ ತಗುಲಿದ ಚೆಂಡು ಸತ್ತಂತೆ ಹೊರಡುತ್ತದೆ, ಓಡುವುದಿಲ್ಲ. ಪಟ್‌ನಂತೆ ಚಿಪ್ ಮಾಡುವ ಈ ಜಾಡಿನಲ್ಲಿ ದೊಡ್ಡ ಹೆಸರು ಪಾಲ್ ರನ್ಯನ್. ಡ್ರೈವ್‌ನಲ್ಲಿ ಸ್ಯಾಮ್ ಸ್ನೀಡ್‌ಗಿಂತ ಎಷ್ಟೋ ಹಿಂದೆ ಬೀಳುತ್ತಿದ್ದ ಈ ಸಣ್ಣ ಆಳು 1938ರ ಪಿ.ಜಿ.ಎ. ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅದೇ ಸ್ನೀಡ್‌ರನ್ನು, ಆಡಲು ಏಳು ಹೋಲ್ ಬಾಕಿಯಿರುವಾಗಲೇ, ಎಂಟು ಹೋಲ್‌ಗಳಿಂದ ಸೋಲಿಸಿದರು.

ಅಭ್ಯಾಸಕ್ಕೆ ಒಂದೇ ಮಾತು. ಚೆಂಡು ಬೀಳಬೇಕಾದ ಜಾಗದಲ್ಲಿ ಒಂದು ಟವೆಲ್ ಹಾಸಿ. ಮೊದಲು ಕ್ಲಬ್ ಇಲ್ಲದೆ, ಕೈಯಿಂದಲೇ ಕೆಳಗಿನಿಂದ ಚೆಂಡೆಸೆದು ಅದರ ಮೇಲೆ ಬೀಳಿಸಿ, ಎಷ್ಟು ಉರುಳುತ್ತದೆ ನೋಡಿ. ಆಮೇಲೆ ಕ್ಲಬ್. ಕುಳಿ ಹತ್ತಿರ ನಿಂತಿತೋ ಇಲ್ಲವೋ ಬೇಡ, ಟವೆಲ್‌ಗೆ ಬಿತ್ತೋ ಇಲ್ಲವೋ ಅಷ್ಟೇ ಎಣಿಸಿ. ಒಂದೇ ಜಾಗದಿಂದ ಇಪ್ಪತ್ತು ಚೆಂಡು ಹೊಡೆಯುವ ಬದಲು ಪ್ರತಿ ಸಲ ಜಾಗ ಬದಲಿಸಿ, ಆಟದಲ್ಲಿ ಎರಡನೇ ಅವಕಾಶ ಇರುವುದಿಲ್ಲವಲ್ಲ.

ಮಾತು ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹುಲ್ಲು ಒದ್ದೆಯಿದ್ದರೆ ಏನು ಬದಲಾಗುತ್ತದೆ ಎಂದು ಒಬ್ಬರು ಕೇಳಿದರು. ಮುಖಕ್ಕೂ ಚೆಂಡಿಗೂ ನಡುವಿನ ಹಿಡಿತ ತಗ್ಗುತ್ತದೆ. ವೆಜ್‌ನಲ್ಲಿ ಚೆಂಡು ಮುಖದ ಮೇಲೆ ಜಾರಿ ಎಂದಿಗಿಂತ ಎತ್ತರವಾಗಿ, ಬ್ಯಾಕ್‌ಸ್ಪಿನ್ ಕಡಿಮೆಯಾಗಿ ಹೊರಡುತ್ತದೆ. ಬಿದ್ದಲ್ಲೇ ಕಚ್ಚಿ ನಿಲ್ಲುತ್ತದೆಂದು ನಂಬಬೇಡಿ. ಪ್ರತಿ ಹೊಡೆತಕ್ಕೂ ಮುಂಚೆ ಕ್ಲಬ್ ಮುಖದ ಗೀರುಗಳನ್ನು ಒರೆಸಿಕೊಳ್ಳಿ, ಎಲ್ಲಿ ಸಾಧ್ಯವೋ ಅಲ್ಲಿ ಸ್ಪಿನ್ ಬೇಡದ ಉರುಳುವ ಹೊಡೆತ ಆರಿಸಿ.

ಚಿಪ್ ಮಾಡಲು ನಿಂತರೆ ಕೈ ನಡುಗುತ್ತದೆ, ಏನು ಮಾಡಲಿ ಎಂದವರು ಇನ್ನೊಬ್ಬರು. ಅದು ಅವರೊಬ್ಬರ ಕಾಯಿಲೆಯಲ್ಲ. 2015ರ ಆರಂಭದಲ್ಲಿ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಚಿಪ್ ಮೇಲೆ ಚಿಪ್ ಕೆಡಿಸಿಕೊಂಡು ಎರಡನೇ ಸುತ್ತಿನಲ್ಲಿ 82 ಹೊಡೆದರು. ಹತ್ತು ವರ್ಷ ಹಿಂದೆ, 2005ರ ಮಾಸ್ಟರ್ಸ್‌ನ 16ನೇ ಹೋಲ್‌ನಲ್ಲಿ, ಕುಳಿಯಿಂದ ಎಷ್ಟೋ ಎಡಕ್ಕೆ ಚೆಂಡು ಬೀಳಿಸಿ, ಇಳಿಜಾರಿನಲ್ಲಿ ತಿರುಗಿಸಿ, ಅಂಚಿನಲ್ಲಿ ಗಳಿಗೆ ನಿಂತು ಒಳಗೆ ಬೀಳುವಂತೆ ಚಿಪ್ ಮಾಡಿದ್ದ ಅದೇ ಕೈಗಳು. ಬಿಡುವು ತೆಗೆದುಕೊಂಡು ಏಪ್ರಿಲ್‌ನಲ್ಲಿ ಮಾಸ್ಟರ್ಸ್‌ಗೆ ಮರಳುವ ಹೊತ್ತಿಗೆ ಅವರ ಚಿಪ್ ಹಳಿಗೆ ಬಂದಿತ್ತು. ಹಿಡಿತ ಬದಲಿಸಿ ನೋಡುವುದು ಇನ್ನೊಂದು ದಾರಿ. 2022ರ ಯು.ಎಸ್. ಓಪನ್ ಗೆದ್ದ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿದೇ ಚಿಪ್ ಮಾಡುತ್ತಾರೆ. ಹಾಗೆ ಹಿಡಿದರೆ ಬಲ ಮಣಿಕಟ್ಟಿಗೆ ತೋಡುವ ಅವಕಾಶ ಸಿಗುವುದಿಲ್ಲ.

ಮೂರನೆಯದು ನಿಯಮದ ಪ್ರಶ್ನೆ. ಚೆಂಡು ಫ್ರಿಂಜ್ (ಗ್ರೀನ್ ಸುತ್ತಲಿನ ಅಂಚಿನ ಹುಲ್ಲು) ಮೇಲಿದ್ದರೆ ಗುರುತಿಟ್ಟು ಎತ್ತಿ ಒರೆಸಬಹುದೇ? ಬರುವುದಿಲ್ಲ. ಫ್ರಿಂಜ್ ಎಷ್ಟೇ ನುಣುಪಾಗಿದ್ದರೂ ಗ್ರೀನ್ ಅಲ್ಲ. ನಿಮ್ಮ ದಾರಿಯಲ್ಲಿ ಫ್ರಿಂಜ್ ಮೇಲೆ ಬೇರೆ ಚೆಂಡು ಬಿದ್ದ ಗುಂಡಿಯಿದ್ದರೆ ಸರಿಪಡಿಸುವಂತಿಲ್ಲ, ಅಲ್ಲಿ ಚೆಲ್ಲಿದ ಮರಳು ಗುಡಿಸುವಂತಿಲ್ಲ. ಅದೇ ಗುಂಡಿ, ಅದೇ ಮರಳು ಗ್ರೀನ್ ಮೇಲಿದ್ದರೆ ಸರಿಮಾಡಬಹುದು, ನಿಮ್ಮ ಚೆಂಡು ಹೊರಗಿದ್ದರೂ ಸಹ. ಒಣ ಎಲೆ, ಕಡ್ಡಿಗಳನ್ನು ಎಲ್ಲಿಂದಾದರೂ ತೆಗೆಯಬಹುದು, ಹಾಗೆ ತೆಗೆಯುವಾಗ ಫ್ರಿಂಜ್‌ನ ಚೆಂಡು ಅಲುಗದಂತೆ ನೋಡಿಕೊಳ್ಳಿ. ಚೆಂಡಿನ ಒಂದು ಚೂರು ಗ್ರೀನ್‌ಗೆ ತಾಗಿಕೊಂಡಿದ್ದರೂ ಅದು ಗ್ರೀನ್ ಮೇಲಿದೆ ಎಂದೇ ಅರ್ಥ, ಆಗ ಧಾರಾಳವಾಗಿ ಗುರುತಿಟ್ಟು ಒರೆಸಿಕೊಳ್ಳಿ.